ಪೋಸ್ಟರಿನಲ್ಲಿ ಕಂಡ ಕೋಟು

ನಾನು ಯಾರ ಮುಖವನ್ನೂ ಮೊದಲು ನೋಡುವುದಿಲ್ಲ. ಮೊದಲು ಭುಜ, ಆಮೇಲೆ ತೋಳು, ಆಮೇಲೆ ಗುಂಡಿ. ಮುಖವೇನಿದ್ದರೂ ಪುರುಸೊತ್ತಾದಾಗ. ಮೂವತ್ತೆಂಟು ವರ್ಷ ದರ್ಜಿ ಕೆಲಸ ಮಾಡಿದ್ದೇನೆ. ಟಿವಿಯಲ್ಲಿ ಹಣಕಾಸು ಮಂತ್ರಿ ಬಂದು ನಿಂತರೆ ನನ್ನ ಕಿವಿಗೆ ಬಜೆಟ್ಟು ಬೀಳುವುದಿಲ್ಲ. ಪ್ರಮಾಣವಚನದ ದಿನಕ್ಕೆಂದು ಹೊಲಿಸಿದ ಕೋಟಿನ ಗುಂಡಿ ಈಗ ಹೊಟ್ಟೆಯನ್ನು ದಾಟಿ ಕಾಜಾ ಮುಟ್ಟಲು ಎಷ್ಟು ಒದ್ದಾಡುತ್ತಿದೆ ಎಂಬುದೇ ಕಣ್ಣಿಗೆ ಬೀಳುತ್ತದೆ.

ಇಂಥ ಮಾತುಗಳನ್ನೆಲ್ಲ ಮೊದಲು ಗಿರಾಕಿಗಳ ಹತ್ತಿರ ಆಡುತ್ತಿದ್ದೆ. ಅಳತೆ ಕೊಡುತ್ತ ಕೈ ಅಗಲಿಸಿ ನಿಂತವರು ಎಲ್ಲಿಗೆ ತಾನೇ ಓಡಿಹೋದಾರು? ಒಂಬತ್ತು ವರ್ಷದ ಹಿಂದೆ ಮಗಳು, "ಅಪ್ಪಾ, ಪಾಪ ಅವರ ತಲೆ ತಿನ್ನೋ ಬದಲು ಬರೆದು ಹಾಕು. ಬೇಕಾದವರು ಓದ್ಕೋತಾರೆ" ಎಂದು ಒಂದು ಬ್ಲಾಗು ಮಾಡಿಕೊಟ್ಟಳು. 'ಅಳತೆ ಮೀರಿದ ಮಾತು' ಎಂದು ಹೆಸರನ್ನೂ ಅವಳೇ ಇಟ್ಟಳು. ಅಪ್ಪನನ್ನು ಚೆನ್ನಾಗಿ ಬಲ್ಲವಳು.

ಅಂದಿನಿಂದ ಪ್ರತಿ ಸೋಮವಾರ ಬೆಳಗ್ಗೆ, ಅಂಗಡಿ ಬಾಗಿಲು ತೆರೆಯುವ ಮೊದಲು, ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಮೂಲೆಯಲ್ಲಿ ಕೂತು ಬರೆಯುತ್ತೇನೆ. ಪಕ್ಕದಲ್ಲಿ ಫ್ಲಾಸ್ಕಿನ ಚಹಾ, ಹಿಂದೆ ಹೆಂಡತಿಯ ಇಸ್ತ್ರಿ ಪೆಟ್ಟಿಗೆಯ ಬಿಸಿ. ಅರವತ್ತು ದಾಟಿದ ಹೀರೋಗಳ ವಯಸ್ಸನ್ನು ಭುಜದ ಪ್ಯಾಡಿನ ದಪ್ಪದಿಂದ ಹೇಗೆ ಲೆಕ್ಕ ಹಾಕಬಹುದು ಎಂದು ಒಮ್ಮೆ ಬರೆದೆ. ಹಾಡಿನ ಸ್ಪರ್ಧೆಯ ತೀರ್ಪುಗಾರರು ಹೊಳೆಯುವ ಜಾಕೆಟ್ಟು ಹಾಕಿದ ದಿನ ಅಂಕ ಕೊಡುವುದರಲ್ಲಿ ಯಾಕೆ ಧಾರಾಳಿಗಳಾಗುತ್ತಾರೆ ಎಂದು ಬರೆದೆ. ಸೀರಿಯಲ್ಲಿನ ಕಡುಬಡವಿ ನಾಯಕಿಗೆ ಮೈಗೆ ಅಚ್ಚು ಹೊಯ್ದಂಥ ಬಟ್ಟೆ ಹೊಲಿದುಕೊಡುತ್ತಿರುವ ಪುಣ್ಯಾತ್ಮ ದರ್ಜಿ ಯಾರು, ಅವನ ವಿಳಾಸ ನನಗೂ ಬೇಕು ಎಂದು ಮೂರು ವಾರ ಬರೆದೆ. ಓದುವವರು ಹೆಚ್ಚೆಂದರೆ ಇನ್ನೂರು ಜನ. ಅವರಲ್ಲಿ ಅರ್ಧ ಜನ ನನ್ನ ಹತ್ತಿರ ಪ್ಯಾಂಟು ಹೊಲಿಯಲು ಕೊಟ್ಟು ದಾಕ್ಷಿಣ್ಯಕ್ಕೆ ಸಿಕ್ಕಿಬಿದ್ದವರು. ಆದರೂ ಸೋಮವಾರ ಎಂದರೆ ನನಗೆ ಖುಷಿ.

ನಾನು ಬರೆದದ್ದನ್ನು ಮೊದಲು ಓದುವವಳು ಅಕ್ಕ. ಎರಡು ಬೀದಿ ಆಚೆ, ಒಂದು ಮಹಡಿ ಮೇಲಿನ ಒಂಟಿ ಕೋಣೆಯಲ್ಲಿ ಇರುತ್ತಾಳೆ. ಎಪ್ಪತ್ತಮೂರು ವರ್ಷ. ಅಂಗಡಿ ಮೂಲದಲ್ಲಿ ಅವಳದೇ. ಅಪ್ಪ ತೀರಿಕೊಂಡಾಗ ಹದಿನೇಳು ವರ್ಷದ ಹುಡುಗಿ ಅವನ ಮಿಷನ್ನಿನ ಮುಂದೆ ಕೂತು ಗಂಡಸರ ಕೋಟು ಹೊಲಿಯಲು ಶುರುಮಾಡಿದಳು. ಹೆಂಗಸು ಅಳತೆ ತೆಗೆಯುವುದೇ ಎಂದು ಮೂಗು ಮುರಿದವರೆಲ್ಲ ಎರಡು ವರ್ಷದಲ್ಲಿ ಬಾಯಿ ಮುಚ್ಚಿಕೊಂಡು ಸರದಿಯಲ್ಲಿ ನಿಂತರು. ಐವತ್ತು ವರ್ಷದ ಮೇಲೆ ಬರೀ ಗಂಡಸರ ಕೋಟು. ನನಗೆ ಕೆಲಸ ಕಲಿಸಿದವಳೂ ಅವಳೇ. ಮರದ ಸ್ಕೇಲಿನ ರುಚಿ ನನ್ನ ಬೆರಳ ಗೆಣ್ಣುಗಳಿಗೆ ಇನ್ನೂ ನೆನಪಿದೆ. ಎರಡು ವರ್ಷದ ಹಿಂದೆ ಅವಳ ಕೈ ನಡುಗಲು ಶುರುವಾಯಿತು. ಡಾಕ್ಟರು ವಿಶ್ರಾಂತಿ ಎಂದರು, ನಾನು ಹಟ ಹಿಡಿದು ಇನ್ನು ಹೊಲಿಯುವುದಿಲ್ಲ ಎಂದು ಅವಳಿಂದ ಮಾತು ತೆಗೆದುಕೊಂಡೆ. ಮಿಷನ್ನನ್ನು ಮಾತ್ರ ಕೋಣೆಯಲ್ಲೇ ಇಟ್ಟುಕೊಂಡಳು. ನೋಡಲು ಬೇಕು ಎಂದಳು.

ಸೋಮವಾರ ಹತ್ತು ಗಂಟೆಗೆ ಸರಿಯಾಗಿ ಅವಳ ಫೋನು ಬರುತ್ತಿತ್ತು. "ಲೋ, ಎರಡನೇ ಪ್ಯಾರಾದಲ್ಲಿ ಬರೀ ಜಂಬ ಕಣೋ. ಕತ್ತರಿಸು ಅದನ್ನ" ಎಂದೋ, "ಇವತ್ತು ಪರವಾಗಿಲ್ಲ" ಎಂದೋ ಹೇಳಿ ಇಟ್ಟುಬಿಡುತ್ತಿದ್ದಳು. ಪರವಾಗಿಲ್ಲ ಎಂದ ದಿನ ನಾನು ನೆಲದ ಮೇಲೆ ಇರುತ್ತಿರಲಿಲ್ಲ.

ಹೀಗಿರುವಾಗ ವಾರ್ಡಿನ ಚುನಾವಣೆ ಬಂತು. ನಮ್ಮ ಅಂಗಡಿಯ ಎದುರಿನ ಬಸ್ ಸ್ಟಾಪಿಗೆ ನರ್ಸಮ್ಮನ ಪೋಸ್ಟರು ಅಂಟಿತು. ಈಗ ಅವರು ನಮ್ಮ ವಾರ್ಡಿನ ಸದಸ್ಯೆ, ಆಗಿನ್ನೂ ಬರೀ ಅಭ್ಯರ್ಥಿ. ಮೂವತ್ತನಾಲ್ಕು ವರ್ಷ ದೊಡ್ಡಾಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಈ ಭಾಗದ ಅರ್ಧ ಜನರಿಗೆ ಮೊದಲ ಇಂಜೆಕ್ಷನ್ ಚುಚ್ಚಿದ್ದೇ ಅವರು. ಪೋಸ್ಟರಿನಲ್ಲಿ ಕಡುನೀಲಿ ಕೋಟು ತೊಟ್ಟು, ತಮ್ಮ ದಪ್ಪಕ್ಷರದ ಹೆಸರಿನ ಕಡೆ ಮುಖ ಮಾಡಿ ನಗುತ್ತಿದ್ದರು. ಅವರು ನಕ್ಕಿದ್ದು ನನಗೆ ಕಾಣಿಸಿದ್ದು ಆಮೇಲೆ. ಮೊದಲು ಕಂಡದ್ದು ಗುಂಡಿ.

ಆ ಸೋಮವಾರ ಬರೆದದ್ದನ್ನು ಇಲ್ಲಿ ಇದ್ದಂತೆಯೇ ಇಡುತ್ತೇನೆ:

"ಗಂಡಸರ ಕೋಟಿನಲ್ಲಿ ಗುಂಡಿ ತೊಟ್ಟವರ ಬಲಗಡೆಗೆ ಇರುತ್ತದೆ, ಹೆಂಗಸರ ಕೋಟಿನಲ್ಲಿ ಎಡಗಡೆಗೆ. ಯಾಕೆ ಎಂದು ನನ್ನನ್ನು ಕೇಳಬೇಡಿ, ನನ್ನ ಅಜ್ಜ ಹುಟ್ಟುವ ಮೊದಲೇ ಯಾರೋ ಮಾಡಿಟ್ಟದ್ದು. ನಮ್ಮ ಅಭ್ಯರ್ಥಿಯ ಕೋಟಿನ ಗುಂಡಿ ಬಲಗಡೆಗಿದೆ. ಸಾಲದ್ದಕ್ಕೆ ಬಲಭುಜ ಎಡಕ್ಕಿಂತ ಅರ್ಧ ಇಂಚು ಇಳಿದಿದೆ. ಅಂದರೆ ಭುಜ ಇಳಿಬಿದ್ದ ಯಾವನೋ ಗಂಡಸಿಗೆ ಹೊಲಿದ ಕೋಟು ಇದು. ಹೊಲಿದವರ ಕೈಯೂ ಅಷ್ಟಕ್ಕಷ್ಟೇ. ಕೋಟು ಒಬ್ಬನದು, ಪೋಸ್ಟರು ಇನ್ನೊಬ್ಬರದು. ಗೆದ್ದ ಮೇಲೆ ಸಹಿ ಯಾರದು ಎಂದು ಈಗಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು."

ಇದನ್ನು ಬರೆದು ಮುಗಿಸಿದಾಗ ಹೊಟ್ಟೆ ತುಂಬಿದಷ್ಟು ಸಮಾಧಾನವಾಗಿತ್ತು. ನರ್ಸಮ್ಮನ ಮೇಲೆ ನನಗೆ ದ್ವೇಷವೇನೂ ಇರಲಿಲ್ಲ. ಮಾತು ಚೆನ್ನಾಗಿ ಕೂತಿತು, ಅಷ್ಟೇ. ಬರೆಯುವವರಿಗೆ ಇದೊಂದು ಕಾಯಿಲೆ.

ಮಧ್ಯಾಹ್ನದ ಹೊತ್ತಿಗೆ ಎಂಟುನೂರು ಜನ ಓದಿದ್ದರು. ಸಂಜೆಗೆ ಮೂರು ಸಾವಿರ. ಮಂಗಳವಾರ ಬೆಳಗ್ಗೆ ನರ್ಸಮ್ಮನ ಎದುರಾಳಿಯ ಪ್ರಚಾರದ ಗಾಡಿ ಮೈಕು ಕಟ್ಟಿಕೊಂಡು ನಮ್ಮ ಬೀದಿಗೇ ಬಂತು. "ಯಾರದೋ ಕೋಟು ಹಾಕ್ಕೊಂಡು ಬಂದವರಿಗೆ ನಿಮ್ಮ ವೋಟಾ?" ಎಂದು ಕೂಗಿಕೊಂಡು ಹೋಯಿತು. ನನ್ನ ಮಾತು ಮೈಕಿನಲ್ಲಿ! ಹೆಂಡತಿ ಇಸ್ತ್ರಿ ನಿಲ್ಲಿಸಿ, "ಇದೇನ್ರೀ, ಸಂತೋಷಪಡೋ ವಿಷಯಾನಾ?" ಎಂದಳು. ಅಲ್ಲ ಎಂದು ತಲೆ ಆಡಿಸಿದೆ, ಆದರೆ ಒಳಗೊಳಗೇ ಉಬ್ಬಿಹೋಗಿದ್ದೆ. ಪ್ಯಾಂಟು ಒಯ್ಯಲು ಬಂದ ಬ್ಯಾಂಕಿನ ಗುಮಾಸ್ತರು ಕೈಕುಲುಕಿ, "ಏನ್ ಕಣ್ಣು ಸಾರ್ ನಿಮ್ದು!" ಎಂದರು. ಆ ಕಣ್ಣನ್ನು ಕನ್ನಡಿಯಲ್ಲಿ ಎರಡು ಸಲ ನೋಡಿಕೊಂಡೆ.

ಒಂದೇ ಒಂದು ಕೊರತೆ. ಸೋಮವಾರ ಹತ್ತು ಗಂಟೆಗೆ ಅಕ್ಕನ ಫೋನು ಬಂದಿರಲಿಲ್ಲ. ಮಂಗಳವಾರವೂ ಬರಲಿಲ್ಲ. ನಾನೇ ಮಾಡಿದರೆ ಎತ್ತಲಿಲ್ಲ. ಹನ್ನೊಂದು ಸಾವಿರ ಜನ ಓದಿದ ಮೇಲೂ ಅವಳೊಬ್ಬಳು ಪರವಾಗಿಲ್ಲ ಎನ್ನದಿದ್ದರೆ ಬರೆದದ್ದು ಅರ್ಧಕ್ಕೇ ನಿಂತಂತೆ ಅನ್ನಿಸುತ್ತಿತ್ತು. ಬುಧವಾರ ಸಂಜೆ ಹೆಂಡತಿಯನ್ನು ಕಳಿಸಿದೆ. ಅವಳು ಮುಖ ಚಿಕ್ಕದು ಮಾಡಿಕೊಂಡು ವಾಪಸು ಬಂದಳು.

"ಅಕ್ಕ ಮಿಷನ್ನಿಗೆ ಬೆಡ್‌ಶೀಟ್ ಹೊದಿಸಿಟ್ಟಿದ್ದಾರೆ ರೀ. ಕತ್ತರಿ, ಸೂಜಿ ಎಲ್ಲಾ ಬಿಸ್ಕತ್ತಿನ ಡಬ್ಬಿಗೆ ತುಂಬಿ ಟೇಪು ಸುತ್ತಿದ್ದಾರೆ. ಯಾರಿಗಾದ್ರೂ ಬೇಕಿದ್ರೆ ಕೊಟ್ಬಿಡಿ ಅಂದ್ರು."

"ಯಾಕಂತೆ?"

"ನನ್ನ ಕೈ ಮುಗೀತು ಅಂದ್ರು. ಅಷ್ಟೇ."

ನಡುಕ ಜಾಸ್ತಿ ಆಗಿರಬೇಕು ಎಂದುಕೊಂಡೆ. ಶನಿವಾರ ಡಾಕ್ಟರ ಹತ್ತಿರ ಕರೆದುಕೊಂಡು ಹೋದರಾಯಿತು ಎಂದೆ. ಎಷ್ಟು ಸಲೀಸಾಗಿ ಹಾಗೆಂದೆ ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಗುರುವಾರ ಬೆಳಗ್ಗೆ ಒಮ್ಮೆಲೇ ಚಳಿ ಬಿತ್ತು. ಅಂಗಡಿ ತೆರೆದು ಹತ್ತು ನಿಮಿಷವಾಗಿರಲಿಲ್ಲ, ನರ್ಸಮ್ಮ ಒಬ್ಬರೇ ಒಳಗೆ ಬಂದರು. ಮೈಮೇಲೆ ಅದೇ ಕಡುನೀಲಿ ಕೋಟು.

"ಯಾರ ಕೋಟು ಅಂತ ಕೇಳಿದ್ರಲ್ಲ ಮಾಸ್ತರೇ, ತಂದಿದೀನಿ. ನೋಡ್ಕೊಳ್ಳಿ" ಎಂದು ಬೆಳಕಿಗೆ ಎದುರಾಗಿ ನಿಂತರು.

ನೋಡಿದೆ. ಗುಂಡಿ ಎಡಗಡೆಗಿತ್ತು. ಕಿಟಕಿಯಾಚೆಯ ಪೋಸ್ಟರು ನೋಡಿದೆ. ಬಲಗಡೆಗೆ. ಮತ್ತೆ ಕೋಟು ನೋಡಿದೆ. ಎಡಗಡೆಗೇ.

"ಪ್ರೆಸ್ಸಿನವನು ಫೋಟೋನ ಎಡಬಲ ತಿರುಗಿಸಿದ" ಎಂದು ನರ್ಸಮ್ಮ ನಕ್ಕರು. "ಅಭ್ಯರ್ಥಿ ಮುಖ ಹೆಸರಿನ ಕಡೆಗೇ ಇರಬೇಕಂತೆ. ಇಲ್ದಿದ್ರೆ ಬಸ್ ಸ್ಟಾಪಿನ ಕಸದ ಡಬ್ಬಿ ನೋಡ್ಕೊಂಡು ನಿಂತ ಹಾಗೆ ಕಾಣ್ತೀನಂತೆ. ಆಗಲಪ್ಪ ಅಂದೆ. ಆಮೇಲೆ ಸೆಕೆ ಅಂತ ಈ ಕೋಟು ಹೊರಗೇ ತೆಗೀಲಿಲ್ಲ."

ಅವರ ಎದೆಯ ಮೇಲೆ, ನರ್ಸುಗಳು ಸಿಕ್ಕಿಸಿಕೊಳ್ಳುವ ಪುಟ್ಟ ಗಡಿಯಾರವಿತ್ತು. ಪೋಸ್ಟರಿನಲ್ಲೂ ಅದು ಇತ್ತು. ಅಲ್ಲಿ ಅದರ ಅಂಕಿಗಳೆಲ್ಲ ತಿರುಗುಮುರುಗಾಗಿ ನಿಂತಿದ್ದವು, ನಾಲ್ಕು ದಿನದಿಂದ ನನ್ನ ಕಣ್ಣ ಮುಂದೆಯೇ. ಬೀದಿಯಲ್ಲಿ ಹೋಗುವ ಯಾರಾದರೂ ನೋಡಿ ಹೇಳಬಹುದಿತ್ತು. ದರ್ಜಿಯಾದ್ದರಿಂದ ನಾನು ಗುಂಡಿಯೊಂದನ್ನೇ ನೋಡಿದ್ದೆ.

"ತಪ್ಪಾಯ್ತು ನರ್ಸಮ್ಮ. ನಾನು..."

"ಜಗಳಕ್ಕೆ ಬಂದಿಲ್ಲ, ಕೂತ್ಕೊಳ್ಳಿ. ನಾನು ಆಸ್ಪತ್ರೆ ರಸ್ತೆ ಗುಂಡಿ ಬಗ್ಗೆ ಮಾತಾಡೋಕೆ ಹೋದ್ರೆ ಜನ ಕೋಟಿನ ಗುಂಡಿ ಬಗ್ಗೆ ಕೇಳ್ತಾರೆ. ಅದನ್ನ ಹೇಗೋ ನಿಭಾಯಿಸ್ತೀನಿ. ನಾನು ಬಂದಿದ್ದು ನಿಮ್ಮ ಅಕ್ಕನ ವಿಷಯಕ್ಕೆ." ಅವರ ನಗು ಹೋಗಿತ್ತು. "ಈ ಕೋಟು ಹೊಲಿದಿದ್ದು ಅವರೇ. ನಿಮಗೆ ಗೊತ್ತಾಗ್ಲಿಲ್ವಾ?"

ತೋಳಿನ ಅಂಚು ಹಿಡಿದು ಹೊಲಿಗೆ ನೋಡಿದೆ.

ನರ್ಸಮ್ಮ ಹೇಳುತ್ತ ಹೋದರು. ಅವರೂ ಅಕ್ಕನೂ ಹಳೆಯ ಸ್ನೇಹಿತೆಯರು. ಅವರು ಚುನಾವಣೆಗೆ ನಿಲ್ಲುತ್ತೇನೆ ಎಂದಾಗ ಅಕ್ಕ ತಾನೇ ಕೋಟು ಹೊಲಿದುಕೊಡುತ್ತೇನೆ ಎಂದಿದ್ದಳಂತೆ. ಬೇಡ, ರೆಡಿಮೇಡ್ ತಗೋತೀನಿ ಎಂದರೆ, ರೆಡಿಮೇಡಿನವರಿಗೆ ನಿನ್ನ ಭುಜ ಗೊತ್ತಾ ಎಂದು ಗದರಿದ್ದಳಂತೆ. ಕೈ ನಡುಗದ ಹೊತ್ತು ನೋಡಿಕೊಂಡು, ದಿನಕ್ಕೆ ಅರ್ಧ ಗಂಟೆ, ಒಂದು ಗಂಟೆ, ಹೀಗೆ ಎರಡೂವರೆ ತಿಂಗಳು. ತಮ್ಮನಿಗೆ ಹೇಳಬೇಡ, ಮಾತು ತಪ್ಪಿದೆ ಅಂತ ಕೂಗಾಡ್ತಾನೆ ಎಂದು ನರ್ಸಮ್ಮನಿಂದ ಆಣೆ ಹಾಕಿಸಿಕೊಂಡಿದ್ದಳಂತೆ.

"ಸೋಮವಾರ ನನಗೆ ಫೋನ್ ಮಾಡಿ ಅತ್ರು. ಐವತ್ತು ವರ್ಷ ಗಂಡಸರ ಕೋಟೇ ಹೊಲಿದ ಕೈ, ಅಭ್ಯಾಸಬಲದಲ್ಲಿ ಗುಂಡಿ ಆ ಕಡೆ ಹಾಕ್ಬಿಟ್ಟಿದೆ, ನಿನ್ನ ಮಾನ ಕಳೆದೆ ಕಣೇ ಅಂತ. ಇಲ್ಲ, ಸರಿಯಾಗೇ ಇದೆ ಅಂತ ಎಷ್ಟು ಹೇಳಿದ್ರೂ ಕೇಳಲ್ಲ. ಸಮಾಧಾನಕ್ಕೆ ಸುಳ್ಳು ಹೇಳ್ತಿದ್ದೀಯ, ನನ್ನ ತಮ್ಮನ ಕಣ್ಣು ತಪ್ಪಲ್ಲ ಅಂತಾರೆ. ಮೂರು ದಿನ ಆಯ್ತು, ನನಗೆ ಬಾಗಿಲೂ ತೆಗೀತಿಲ್ಲ."

ಹೆಂಡತಿ ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಆರಿಸಿದಳು.

"ಹನ್ನೊಂದು ಸಾವಿರ ಜನ ಓದಿ ನಕ್ಕರು" ಎಂದಳು ಅವಳು ನನ್ನ ಕಡೆ ನೋಡದೆ. "ಒಬ್ಬರು ಮಾತ್ರ ಮಿಷನ್ ಮುಚ್ಚಿಟ್ಟರು."

ಕೋಟು ಒಂದು ಗಂಟೆಯ ಮಟ್ಟಿಗೆ ಬೇಕಿತ್ತು ಎಂದು ನರ್ಸಮ್ಮನನ್ನು ಕೇಳಿದೆ. ಅವರು ಮರುಮಾತಿಲ್ಲದೆ ಬಿಚ್ಚಿಕೊಟ್ಟು, ಹೆಂಡತಿಯ ಶಾಲು ಹೊದ್ದು ಪ್ರಚಾರಕ್ಕೆ ಹೊರಟುಹೋದರು. ನಾನು ಕೂಡಲೇ ಅಕ್ಕನ ಮನೆಗೆ ಓಡಿದೆ ಎಂದು ಹೇಳಬೇಕೆಂದು ಆಸೆ. ಓಡಲಿಲ್ಲ. ಮೇಜಿನ ಮೂಲೆಯಲ್ಲಿ ಲ್ಯಾಪ್‌ಟಾಪು ತೆರೆದು ಇಪ್ಪತ್ತು ನಿಮಿಷ ಸುಮ್ಮನೆ ಕೂತೆ. ಮೂವತ್ತೆಂಟು ವರ್ಷ ಕಣ್ಣನ್ನು ನಂಬಿ ಹೊಟ್ಟೆ ಹೊರೆದವನು, ಈ ಕಣ್ಣು ಬರೀ ಪೋಸ್ಟರು ನೋಡಿ ಮೋಸಹೋಯಿತು ಎಂದು ಊರಿಗೆಲ್ಲ ಹೇಳುವುದು ಹೇಗೆ? 'ಕೆಲವು ಓದುಗರು ತಪ್ಪು ತಿಳಿದಿದ್ದಾರೆ' ಎಂದು ಶುರುಮಾಡಿದೆ. ಅಳಿಸಿದೆ. 'ಮುದ್ರಣಾಲಯದ ಅಚಾತುರ್ಯದಿಂದ' ಎಂದು ಬರೆದೆ. ಹೆಂಡತಿ ಹಿಂದಿನಿಂದ ಗಂಟಲು ಸರಿಮಾಡಿಕೊಂಡಳು. ಅದನ್ನೂ ಅಳಿಸಿದೆ.

ಕೊನೆಗೆ ಬರೆದದ್ದು ಇಷ್ಟು: "ಸೋಮವಾರ ಬರೆದದ್ದು ತಪ್ಪು. ನಾನು ಕೋಟು ನೋಡಿರಲಿಲ್ಲ, ಕೋಟಿನ ಫೋಟೋ ನೋಡಿದ್ದೆ. ಫೋಟೋ ಎಡಬಲ ತಿರುಗಿತ್ತು. ಇವತ್ತು ಕೋಟನ್ನೇ ಕೈಯಲ್ಲಿ ಹಿಡಿದು ನೋಡಿದೆ. ಅದು ನರ್ಸಮ್ಮನಿಗೇ ಹೊಲಿದ ಕೋಟು. ಹೊಲಿದವರು ನನ್ನ ಗುರು. ಅಂಥ ಕೋಟು ಹೊಲಿಯಲು ನನಗೆ ಬರುವುದಿಲ್ಲ." ಕೊನೆಯ ಸಾಲನ್ನು ವಿನಯಕ್ಕೆ ಬರೆದದ್ದಲ್ಲ. ಅಷ್ಟರಲ್ಲಿ ಕೋಟಿನ ಒಳಮೈ ತಿರುವಿ ನೋಡಿದ್ದೆ. ಅಸ್ತರಿನ ಕೈಹೊಲಿಗೆ ಅಲ್ಲಲ್ಲಿ ಸೊಟ್ಟಗಾಗಿತ್ತು. ಸೊಟ್ಟಗಾದಲ್ಲೆಲ್ಲ ಬಿಚ್ಚಿ ಮತ್ತೆ ಹೊಲಿದ ಸಣ್ಣ ತೂತುಗಳಿದ್ದವು. ಕಾಲರಿನ ಕೆಳಗೆ ಒಂದೇ ಜಾಗದಲ್ಲಿ ನಾಲ್ಕು ಸಲ ಬಿಚ್ಚಿದ್ದಳು. ನಾನು ಒಂದು ಸಲವೂ ಬಿಚ್ಚುತ್ತಿರಲಿಲ್ಲ. ಗಿರಾಕಿಗೆ ಕಾಣುವುದಿಲ್ಲ ಎಂದು ಬಿಟ್ಟುಬಿಡುತ್ತಿದ್ದೆ.

ಅಕ್ಕನ ಬಾಗಿಲು ಬಡಿದೆ. ಮತ್ತೆ ಬಡಿದೆ. "ನಾನು ಕಣೇ, ತೆಗಿ. ತೆಗೆಯೋ ತನಕ ಮೆಟ್ಟಿಲ ಮೇಲೆ ಕೂತು ಹಾಡ್ತೀನಿ" ಎಂದೆ. ನನ್ನ ಹಾಡಿನ ಭಯ ಅವಳಿಗೆ ಚಿಕ್ಕಂದಿನಿಂದಲೂ ಇದೆ. ಚಿಲಕ ಸರಿಯಿತು.

ಅಕ್ಕನ ಕಣ್ಣುಗಳು ಒಳಗೆ ಹೋಗಿದ್ದವು. ತಲೆ ಬಾಚಿರಲಿಲ್ಲ. ನನ್ನ ಕೈಯಲ್ಲಿದ್ದ ಪೊಟ್ಟಣ ನೋಡಿದವಳೇ ಮುಖ ಆಚೆ ತಿರುಗಿಸಿ ಮಂಚದ ಮೇಲೆ ಕೂತಳು.

"ಬೈಯೋಕೆ ಬಂದ್ಯಾ? ಬೈದ್ಬಿಡು. ಮಾತು ಕೊಟ್ಟು ತಪ್ಪಿದೆ. ಹೊಲಿಗೇನೂ ತಪ್ಪಿದೆ."

"ಅಕ್ಕಾ, ತಪ್ಪಿದ್ದು ನನ್ನ ಕಣ್ಣು."

"ಅವಳು ಹೇಳ್ಕೊಟ್ಟು ಕಳಿಸಿದ್ಲಾ? ನಿನಗೆ ಸುಳ್ಳು ಹೇಳೋಕೆ ಬರಲ್ಲ ಕಣೋ. ಬಿಡು."

ವಾದ ಮಾಡಲಿಲ್ಲ. ಕೋಟನ್ನು ತೆಗೆದು ಅವಳ ತೊಡೆಯ ಮೇಲೆ ಇಟ್ಟೆ. ಅವಳು ಕಣ್ಣು ಮುಚ್ಚಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಬೆರಳುಗಳು ತಾವಾಗಿಯೇ ಎದ್ದು ಕಾಲರು ಹುಡುಕಿದವು, ಅಂಚು ಹಿಡಿದು ಕೆಳಗಿಳಿದವು, ಮೊದಲ ಗುಂಡಿಯ ಮೇಲೆ ನಿಂತವು. ಎರಡನೆಯದು. ಮೂರನೆಯದು. ಅಲ್ಲಿ ಕಣ್ಣು ತೆರೆದಳು. ಕೋಟನ್ನು ಎತ್ತಿ ತನ್ನ ಎದೆಗೇ ಹಿಡಿದು ಎಡ ಯಾವುದು, ಬಲ ಯಾವುದು ಎಂದು ಮಗುವಿನ ಹಾಗೆ ಕೈಯಾಡಿಸಿ ನೋಡಿಕೊಂಡಳು. ಆಮೇಲೆ ನಡುಗುವ ಕೈಯಲ್ಲಿ ಒಂದೊಂದೇ ಗುಂಡಿ ಹಾಕಿದಳು. ತುಂಬ ಹೊತ್ತು ಹಿಡಿಯಿತು. ನಾನು ಸಹಾಯಕ್ಕೆ ಹೋಗಲಿಲ್ಲ.

"ಸರಿಯಾಗೇ ಇದೆಯಲ್ಲೋ" ಎಂದಳು.

ಫೋಟೋ ತಿರುಗಿಸಿದ ಕತೆ ಹೇಳಿದೆ. ಬ್ಲಾಗಿನಲ್ಲಿ ಬರೆದದ್ದನ್ನು ಓದಿದೆ. ಗುರು ಎಂದಲ್ಲಿ ಎರಡು ಸಲ ಓದಬೇಕಾಯಿತು. ಅವಳು ಕೇಳುತ್ತ ಕೋಟಿನ ಎಡಭುಜ ಸವರುತ್ತಿದ್ದಳು.

"ಭುಜ ಅರ್ಧ ಇಂಚು ಇಳಿದಿದೆ ಅಂತ ಬರೆದಿದ್ಯಲ್ಲ, ಅದು ಸರಿ" ಎಂದಳು. ಧ್ವನಿಯಲ್ಲಿ ಹಳೆಯ ಗತ್ತು ಬರತೊಡಗಿತ್ತು. "ಬಲ ಅಲ್ಲ, ಎಡ. ಮೂವತ್ತನಾಲ್ಕು ವರ್ಷ ರೋಗಿಗಳನ್ನ ಎಡಗಡೆಯಿಂದಾನೇ ಎತ್ತಿ ಕೂರಿಸಿದಾಳೆ. ಅವಳ ಭುಜಾನೇ ಹಾಗೆ. ರೆಡಿಮೇಡ್ ಹಾಕಿದ್ರೆ ಕೋಟು ಜಾರುತ್ತೆ. ಬೇರೆಯವರ ಅಳತೆಯಂತೆ! ಎದುರಿಗಿದ್ದಿದ್ರೆ ಸ್ಕೇಲ್ ತಗೊಳ್ತಿದ್ದೆ."

"ತಗೋ, ಈಗಲೂ ಎದುರಿಗೇ ಇದೀನಿ."

ನಕ್ಕಳು. ನಕ್ಕು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಎದ್ದು ಹೋಗಿ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಳು. ಮೂರು ದಿನ ಮೈಮೇಲೆ ಕೂತಿದ್ದ ಯಾವುದೋ ಭಾರ ಇಳಿದವಳಂತೆ, ಆ ಸೀರಿಯಲ್ಲಿನ ಹುಡುಗಿಯ ಬಗ್ಗೆ ಮೂರು ವಾರ ಬರೆದದ್ದು ಅತಿಯಾಯಿತು, ಯಾರೂ ಹೇಳದಿದ್ದರೆ ನಾಲ್ಕನೇ ವಾರವೂ ಬರೆಯುತ್ತೀಯ ಎಂದು ಬೈಯತೊಡಗಿದಳು. ನನಗೆ ಆ ಬೈಗುಳ ಕಿವಿಗೆ ಹಿತವಾಗಿತ್ತು. ಆದರೂ ಒಂದು ಮಾತು ಒಳಗೆ ಚುಚ್ಚುತ್ತಲೇ ಇತ್ತು.

"ಅಲ್ಲಕ್ಕಾ, ನರ್ಸಮ್ಮನ ಮನೆ ಇಲ್ಲೇ ಪಕ್ಕದ ಬೀದಿ. ಹೋಗಿ ಒಂದ್ಸಲ ಕೋಟು ನೋಡ್ಬಾರದಿತ್ತಾ? ಇಷ್ಟು ದಿನ ಯಾಕೆ ಒದ್ದಾಡ್ದೆ?"

ಅಕ್ಕ ಲೋಟಗಳನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇಷ್ಟು ಸಣ್ಣ ವಿಷಯ ಇವನಿಗೆ ಯಾಕೆ ಹೊಳೆಯಲಿಲ್ಲ ಎಂಬ ಆಶ್ಚರ್ಯ ಮಾತ್ರ ಇತ್ತು.

"ನೀನು ನೋಡಿರ್ತೀಯ ಅಂದ್ಕೊಂಡೆ" ಎಂದಳು.